ಓನರಮ್ಮನಿಗೆ ಗೊತ್ತಿರಲಿಲ್ಲ

೮ ಅಕ್ಟೋಬರ್ ೨೦೦೭, ಸೋಮವಾರ

ಇವತ್ತು ಗಾರ್ಮೆಂಟ್ಸಿನ ಮ್ಯಾನೇಜರ್ ಎಲ್ಲರೆದುರು ಹೇಳಿದರು: "ಏಳು ಕಡೆಯಿಂದ ನಮಗೆ ಬಸ್ ಬರ್ತವೆ. ಒಂದು ದಿನ ತಪ್ಪದೆ, ಒಂದು ನಿಮಿಷ ತಡ ಆಗದೆ ಬರೋದು ಚಿಂತಾಮಣಿ ಬಸ್ ಒಂದೇ." ಉಳಿದ ಆರು ಬಸ್ಸುಗಳ ಮಾಲೀಕರೂ ಅಲ್ಲೇ ಕುಳಿತಿದ್ದರು. ಅವರ ನಡುವೆ ನಾನೊಬ್ಬಳೇ ಹೆಂಗಸು. ಇಂಥ ಮಾತು ಕೇಳಿದಾಗ ತಲೆ ತಗ್ಗಿಸಿ ನಗುವುದು ಮರ್ಯಾದೆ. ನಾನು ತಗ್ಗಿಸಲಿಲ್ಲ.

ಎಂಟು ವರ್ಷದ ಹಿಂದೆ ಮೊದಲ ಮ್ಯಾಕ್ಸಿಕ್ಯಾಬ್ ತಂದು ಸ್ಟ್ಯಾಂಡಿನಲ್ಲಿ ನಿಲ್ಲಿಸಿದ ದಿನ ಒಬ್ಬ, ನನಗೆ ಕೇಳಲಿ ಎಂದೇ, "ಈ ಕೇರಿಯೋರ ಕೈಲಿ ಗಾಡಿ ಎಷ್ಟು ದಿನ ನಿಲ್ತದೆ ನೋಡಣ" ಅಂದಿದ್ದ. ಆಗ ಗಾಡಿಯನ್ನು ನಾನೇ ಓಡಿಸುತ್ತಿದ್ದೆ. ಈಗ ಮೂರು ಬಸ್ಸುಗಳು. ಮೂರರ ಹಣೆಯ ಮೇಲೂ ಅಮ್ಮನ ಹೆಸರು, ಕೆಂಪಕ್ಷರದಲ್ಲಿ: ಗಂಗುಲಮ್ಮ. ಅಮ್ಮನಿಗೆ ಓದಲು ಬಾರದು, ಆ ನಾಲ್ಕು ಅಕ್ಷರ ಮಾತ್ರ ಎಷ್ಟು ದೂರದಿಂದಲಾದರೂ ಗುರುತು ಹಿಡಿಯುತ್ತಾಳೆ.

ದಿನಾ ಬೆಳಿಗ್ಗೆ ಐದೂಮುಕ್ಕಾಲಿಗೆ ಶೆಡ್ಡಿನಲ್ಲಿ ಮೂವರು ಡ್ರೈವರುಗಳೂ ನನ್ನ ಮುಂದೆ ನಿಂತು "ಹಾ" ಅನ್ನಬೇಕು. ನಾನು ಬಾಯಿ ಮೂಸಿ ನೋಡಿಯೇ ಕೀಲಿ ಕೊಡುವುದು. ನನ್ನ ಸ್ವಂತ ತಮ್ಮ ಮುನೇಶನಿಗೂ ಅದೇ. ಕುಡಿದವನು ನನ್ನ ಸ್ಟೀರಿಂಗ್ ಮುಟ್ಟಿದ್ದಿಲ್ಲ, ಮುಟ್ಟುವುದೂ ಇಲ್ಲ. ಮ್ಯಾನೇಜರಿಗೆ ಇದನ್ನೂ ಹೇಳಿ ಬಂದೆ.

೧೨ ಅಕ್ಟೋಬರ್, ಶುಕ್ರವಾರ

ಎರಡನೇ ಬಸ್ಸಿನ ಹಿಂದಿನ ಟೈರು ಬದಲಾಯಿಸಿದ್ದಾಯಿತು. ಗಾರ್ಮೆಂಟ್ಸಿನವರಿಗೆ ದೊಡ್ಡ ಶಿಪ್‌ಮೆಂಟ್ ಇದೆಯಂತೆ, ಮುಂದಿನ ಎರಡು ಭಾನುವಾರವೂ ಬಸ್ ಬೇಕು ಅಂದರು. ಹಬ್ಬದ ಭಾನುವಾರ ಬೇರೆ. ಉಳಿದವರು ಆಗಲ್ಲ ಅಂದರಂತೆ, ನಾನು ಹ್ಞೂಂ ಅಂದೆ.

ಡ್ರೈವರ್ ನಲ್ಲಪ್ಪ ಸೊಂಟ ನೋವು ಅಂತ ನಾಲ್ಕು ದಿನ ರಜೆ ಕೇಳಿದ. ನೋವು ಸೊಂಟದಿಂದ ಕಾಲಿನವರೆಗೆ ಇಳಿಯುತ್ತದಂತೆ. ಮೆಡಿಕಲ್ ಸ್ಟೋರಿನವನು ಯಾವುದೋ ಮಾತ್ರೆ ಕೊಟ್ಟಿದ್ದಾನೆ. "ನುಂಗಿದ್ರೆ ನೋವು ಹೋಗ್ತದೆ ಓನರಮ್ಮ, ಆದ್ರೆ ತಲೆ ತೇಲ್ದಂಗೆ ಆಗ್ತದೆ. ನಿದ್ದೆ ಎಳೀತದೆ" ಅಂದ. "ಈ ಶಿಪ್‌ಮೆಂಟ್ ಒಂದು ಮುಗೀಲಿ ನಲ್ಲಪ್ಪ, ಆಮೇಲೆ ವಾರಗಟ್ಲೆ ಮಲ್ಕೋ" ಅಂದೆ. ತಲೆ ಆಡಿಸಿ ಹೋದ. ಒಳ್ಳೆಯವನು, ಇಪ್ಪತ್ತನಾಲ್ಕು ವರ್ಷದ ಅನುಭವ, ಎದುರು ಮಾತಾಡುವುದಿಲ್ಲ. ಇಂಥವರು ಸಿಗುವುದು ಕಷ್ಟ.

೧೭ ಅಕ್ಟೋಬರ್, ಬುಧವಾರ

ನಲ್ಲಪ್ಪನ ಕಣ್ಣು ಒಂಥರಾ ಇತ್ತು. ಎರಡು ಸಲ ಮೂಸಿದೆ. ಏನೂ ಇಲ್ಲ. ಕೀಲಿ ಕೊಟ್ಟೆ.

೨೩ ಅಕ್ಟೋಬರ್, ಮಂಗಳವಾರ

ಶಿಡ್ಲಘಟ್ಟ ದಾಟಿ ಎರಡು ಕಿಲೋಮೀಟರ್. ಬೆಳಿಗ್ಗೆ ಏಳೂ ಇಪ್ಪತ್ತು. ನಲ್ಲಪ್ಪ ಓಡಿಸುತ್ತಿದ್ದ ಬಸ್ಸು ರಸ್ತೆ ಬಿಟ್ಟು ಹಿಪ್ಪುನೇರಳೆ ತೋಟಕ್ಕೆ ಇಳಿದು ಮಗ್ಗುಲಾಗಿದೆ. ಒಳಗಿದ್ದವರು ನಲವತ್ತೊಂದು ಹೆಂಗಸರು.

ಯಾರೂ ಸತ್ತಿಲ್ಲ. ಯಾರೂ ಸತ್ತಿಲ್ಲ. ಹನ್ನೊಂದು ಜನಕ್ಕೆ ಗಾಯ. ಅಕ್ಕಯಮ್ಮ ಅಂತ ಒಬ್ಬ ಟೈಲರ್, ಅವಳ ಬಲಗೈ ಎರಡು ಕಡೆ ಮುರಿದಿದೆ.

ನಾನು ಹೋಗುವಷ್ಟರಲ್ಲಿ ಸೊಪ್ಪಿನ ನಡುವೆ ಊಟದ ಡಬ್ಬಿಗಳು ಬಿದ್ದಿದ್ದವು. ಮುದ್ದೆ, ಸಾರು, ಚಿತ್ರಾನ್ನ. ಅಮ್ಮನ ಹೆಸರೂ ಮಗ್ಗುಲಾಗಿ ಬಿದ್ದಿತ್ತು.

೨೪ ಅಕ್ಟೋಬರ್, ಬುಧವಾರ

ನಿನ್ನೆಯೇ ಪೊಲೀಸರು ನಲ್ಲಪ್ಪನ ಬಾಯಿಗೆ ಯಂತ್ರ ಇಟ್ಟು ಊದಿಸಿದರು. ಸೊನ್ನೆ ಬಂತು. ನಾನು ಸಬ್ ಇನ್ಸ್‌ಪೆಕ್ಟರಿಗೆ, "ನಮ್ಮ ಡ್ರೈವರ್‌ಗಳು ಕುಡಿಯಲ್ಲ ಸರ್, ನಾನೇ ದಿನಾ ನೋಡ್ತೀನಿ" ಅಂದೆ. ಆಸ್ಪತ್ರೆಯ ಡಾಕ್ಟರು ನಲ್ಲಪ್ಪನ ಕಣ್ಣಿಗೆ ಟಾರ್ಚ್ ಬಿಟ್ಟು ನೋಡಿದರು. ಪಾಪೆ ಗುಂಡುಸೂಜಿಯ ತಲೆಯಷ್ಟಾಗಿದೆ ಎಂದು ಬರೆದುಕೊಂಡರು. ಜೇಬಿನಲ್ಲಿ ಮಾತ್ರೆಯ ಹಾಳೆ ಸಿಕ್ಕಿತು. ಎಂಟು ಖಾಲಿ, ಎರಡು ಉಳಿದಿದ್ದವು.

"ಇದು ಅಫೀಮಿನ ಜಾತಿಯ ನೋವಿನ ಮಾತ್ರೆ. ಚೀಟಿ ಇಲ್ಲದೆ ಕೊಡೋ ಹಾಗೇ ಇಲ್ಲ. ದಿನಕ್ಕೆ ಎಷ್ಟು ತಗೋತಿದ್ದೆ?" ಎಂದು ಡಾಕ್ಟರು ಕೇಳಿದರು.

"ಮೊದ್ಲು ಒಂದು ಸಾರ್. ಆಮೇಲೆ ಒಂದ್ರಲ್ಲಿ ನೋವು ಹೋಗ್ಲಿಲ್ಲ. ಮೂರು" ಅಂದ ನಲ್ಲಪ್ಪ.

ರಕ್ತ ತೆಗೆದು ಸೀಲು ಹಾಕಿ ಬೆಂಗಳೂರಿಗೆ ಕಳಿಸಿದರು. ನಲ್ಲಪ್ಪ ನನ್ನ ಕಡೆ ನೋಡಲೇ ಇಲ್ಲ.

೨೬ ಅಕ್ಟೋಬರ್, ಶುಕ್ರವಾರ

ಪೇಪರಿನಲ್ಲಿ ಬಂದಿದೆ. ‘ಮಾದಕ ಸೇವಿಸಿ ಬಸ್ ಚಾಲನೆ, ೪೧ ಮಹಿಳೆಯರು ಪಾರು.’ ಕೆಳಗೆ ನಲ್ಲಪ್ಪನ ಹೆಸರು, ಊರು ಕೆಂಚಾರ್ಲಹಳ್ಳಿ, ವಯಸ್ಸು ಐವತ್ತೆರಡು. ನನ್ನ ಹೆಸರು ಇಲ್ಲ. ಓದಿ ಮೊದಲು ಉಸಿರು ಬಿಟ್ಟೆ.

ಮ್ಯಾನೇಜರು ಫೋನ್ ಮಾಡಿದ್ದರು. "ಅವನನ್ನ ತೆಗೆದಿದೀವಿ ಅಂತ ಒಂದು ಲೆಟರ್ ಕೊಡಿ ಕಲ್ಯಾಣಿ ಮೇಡಂ. ಬೇರೆ ಡ್ರೈವರ್ ಹಾಕಿ, ಸೋಮವಾರದಿಂದ ಬನ್ನಿ. ನಿಮ್ಮ ರೆಕಾರ್ಡ್ ನಮಗೆ ಗೊತ್ತಿದೆಯಲ್ಲ."

ಮುನೇಶ ಅಲ್ಲೇ ಕುಳಿತು ಲೆಟರ್ ಬರೆದ. ನಾನು ಸಹಿ ಹಾಕಲಿಲ್ಲ. ಪೆನ್ನು ಸಿಗಲಿಲ್ಲ ಅಂದೆ.

೨೯ ಅಕ್ಟೋಬರ್, ಸೋಮವಾರ

ಲಾಯರ್ ಬಯ್ಯಪ್ಪನವರ ಹತ್ತಿರ ಹೋಗಿದ್ದೆವು. ಅಪ್ಪನ ಕಾಲದಿಂದ ಪರಿಚಯ. ಕೋರ್ಟಿನ ಹುಣಸೆ ಮರದ ಕೆಳಗೆ ಕುರ್ಚಿ ಹಾಕಿಸಿ, ಚಿಕ್ಕ ಹುಡುಗಿಗೆ ಪಾಠ ಹೇಳುವಂತೆ ಹೇಳಿದರು.

"ಮೋಟಾರು ಕಾಯ್ದೆ ೧೮೫ ಅಂದ್ರೆ ಎಲ್ರೂ ಕುಡ್ದು ಓಡ್ಸೋದು ಅಂತ ತಿಳ್ಕೊಂಡವ್ರೆ. ಅದ್ರಲ್ಲಿ ಎರಡನೇ ಭಾಗ ಒಂದಿದೆಯಮ್ಮ. ಮದ್ದಿನ ಅಮಲಲ್ಲಿ ಗಾಡಿ ಹತೋಟೀಲಿ ಇಟ್ಕೊಳ್ಳೋಕೆ ಆಗ್ದೆ ಇರೋನು ಓಡ್ಸಿದ್ರೂ ಅದೇ ಕಲಮು, ಅದೇ ಶಿಕ್ಷೆ. ಆರು ತಿಂಗಳವರೆಗೆ ಜೈಲು ಆಗಬಹುದು. ಲೈಸೆನ್ಸೂ ಹೋಗ್ತದೆ."

"ನೋವಿನ ಮಾತ್ರೆಗೂ ಅದೇನಾ ಸಾರ್?"

"ಔಷಧಿ ಬೇರೆ, ಮಾದಕ ಬೇರೆ ಅಂತ ವಾದ ಮಾಡಬಹುದು. ಅದು ಡ್ರೈವರ್ ಕಡೆ ಲಾಯರ್ ತಲೆನೋವು. ನಿಮ್ಮದು ಬೇರೆ. ೧೮೮ ಅಂತ ಇದೆ. ಡ್ರೈವರ್ ಆ ಸ್ಥಿತೀಲಿ ಇದಾನೆ ಅಂತ ಗೊತ್ತಿದ್ದೂ ಗಾಡಿ ತಗೊಂಡು ಹೋಗು ಅಂದ ಮಾಲೀಕನಿಗೂ ಅಷ್ಟೇ ಶಿಕ್ಷೆ. ಈಗ ಹೇಳಿ, ನಿಮಗೆ ಗೊತ್ತಿತ್ತಾ?"

ನಾನು ಬಾಯಿ ತೆರೆಯುವ ಮೊದಲೇ ಕೈ ಅಡ್ಡ ಹಿಡಿದರು. "ಬೇಡ, ಹೇಳ್ಬೇಡಿ. ನಿಮಗೆ ಗೊತ್ತಿರ್ಲಿಲ್ಲ."

ಮುನೇಶ, "ಗೊತ್ತಿರ್ಲಿಲ್ಲ ಸಾರ್. ನಮ್ಮಕ್ಕ ದಿನಾ ಬಾಯಿ ಮೂಸಿ ನೋಡ್ತಾಳೆ" ಅಂದ.

"ಅದನ್ನೇ ಬರೆಸಣ. ಚೆನ್ನಾಗಿದೆ" ಅಂದರು ಬಯ್ಯಪ್ಪ.

೩೧ ಅಕ್ಟೋಬರ್, ಬುಧವಾರ

ಕೆಂಚಾರ್ಲಹಳ್ಳಿಗೆ ಹೋಗಿ ಬಂದೆ. ಮುನೇಶನಿಗೆ ಹೇಳಲಿಲ್ಲ. ಯಾಕೆ ಹೋದೆನೋ ತಿಳಿಯದು. ಸಂಬಳ ಕೊಡುವ ನೆಪವಿತ್ತು.

ನಲ್ಲಪ್ಪ ಜಾಮೀನಿನ ಮೇಲೆ ಮನೆಗೆ ಬಂದಿದ್ದಾನೆ. ಮನೆ ತುಂಬ ರೇಷ್ಮೆ ಹುಳು. ನಾಲ್ಕನೇ ಸಲ ಪೊರೆ ಕಳಚಿ ಜ್ವರದಿಂದ ಎದ್ದಿವೆ, ತಟ್ಟೆಗಳಿಂದ ಮಳೆ ಬಿದ್ದ ಹಾಗೆ ಮೇಯುವ ಸದ್ದು. ಅವನ ಹೆಂಡತಿ ಲಕ್ಷ್ಮೀನರಸಮ್ಮ ಎರಡು ತಟ್ಟೆ ಸರಿಸಿ ನನಗೆ ಕೂರಲು ಜಾಗ ಮಾಡಿದಳು. ನೀರು ಕೊಟ್ಟಳು. ಮೂಲೆಯಲ್ಲಿ ಹಲಗೆಯ ಮೇಲೆ ನಲ್ಲಪ್ಪ ಅಂಗಾತ ಮಲಗಿದ್ದ. ಮಾತ್ರೆ ನಿಲ್ಲಿಸಿದ್ದಕ್ಕೆ ಮೈಯೆಲ್ಲ ಬೆವರು, ನಡುಕ. ಎದ್ದು ಕೂರಲು ಹೋದ, ಆಗಲಿಲ್ಲ.

ಮಗಳು ಧನುಶ್ರೀ ಚಿಂತಾಮಣಿಯಲ್ಲಿ ಪಿಯುಸಿ ಓದುತ್ತಾಳೆ. ಮೂರು ದಿನದಿಂದ ಕಾಲೇಜಿಗೆ ಹೋಗಿಲ್ಲವಂತೆ. "ಏನಮ್ಮ, ಪರೀಕ್ಷೆ ಹತ್ರ ಬಂತಲ್ಲ?" ಅಂದೆ.

"ಹೋದ್ರೆ ನಿಮ್ಮಪ್ಪ ಗಾಂಜಾ ಹೊಡೀತಾರಾ ಅಂತ ಕೇಳ್ತಾರೆ ಆಂಟಿ. ನಮ್ಮಪ್ಪ ಟೀ ಕೂಡ ಕುಡಿಯಲ್ಲ" ಅಂದಳು. ಅಷ್ಟು ಹೇಳಿ ಸೊಪ್ಪು ಹೆಚ್ಚಲು ಕುಳಿತಳು.

ನಲ್ಲಪ್ಪ ಕೈಸನ್ನೆಯಲ್ಲಿ ನನ್ನನ್ನು ಹತ್ತಿರ ಕರೆದ. "ಭಯ ಪಡ್ಬೇಡಿ ಓನರಮ್ಮ. ಪೊಲೀಸ್ನೋರು ಕೇಳಿದ್ರು. ಮಾತ್ರೆ ವಿಷಯ ಓನರಮ್ಮನಿಗೆ ಗೊತ್ತಿರ್ಲಿಲ್ಲ ಅಂತ ಬರೆಸಿವ್ನಿ."

"ಯಾಕೆ ಹಂಗೆ ಬರೆಸ್ದೆ?"

"ನಂದೇನು, ಹೋಗೋದು ಹೋಯ್ತು. ನಿಮ್ಮ ಗಾಡಿ ನಿಲ್ಬಾರ್ದು. ಈ ಸೀಮೇಲಿ ನಮ್ಮೋರದ್ದು ಅಂತ ಇರೋದು ಆ ಮೂರು ಗಾಡೀನೇ ಅಲ್ವಾ."

ಬಾಗಿಲು ದಾಟುವಾಗ ಲಕ್ಷ್ಮೀನರಸಮ್ಮ ಮೊದಲ ಸಲ ಬಾಯಿ ಬಿಟ್ಟಳು. "ನಾಲ್ಕು ದಿನ ರಜೆ ಕೇಳ್ದ ದಿನ ನೀವು ಏನಂದ್ರಿ ಅಂತ ನಂಗೂ ಹೇಳವ್ರೆ" ಅಂದಳು. ಅಷ್ಟೇ ಅಂದದ್ದು.

೨ ನವೆಂಬರ್, ಶುಕ್ರವಾರ

ಈ ಪುಸ್ತಕದಲ್ಲಿ ಹಿಂದಿನ ಹಾಳೆ ತಿರುವಿದೆ. ಹನ್ನೆರಡನೇ ತಾರೀಕು. ನನ್ನದೇ ಅಕ್ಷರ. ಟೈರಿನ ಮಾತು ಮೊದಲು ಬರೆದಿದ್ದೇನೆ, ನಲ್ಲಪ್ಪನವರ ಮಾತು ಆಮೇಲೆ.

೩ ನವೆಂಬರ್, ಶನಿವಾರ

ಬೆಳಿಗ್ಗೆ ಎದ್ದ ಕೂಡಲೇ ಅಮ್ಮನ ಮುಂದೆ ಕುಳಿತು ಎಲ್ಲವನ್ನೂ ಹೇಳಿದೆ. ರಜೆ ಕೇಳಿದ್ದು, ನಿದ್ದೆ ಎಳೆಯುತ್ತದೆ ಅಂದದ್ದು, ನಾನು ಅಂದದ್ದು. ಪೊಲೀಸರಿಗೆ ಹೇಳಿದರೆ ನನ್ನ ಮೇಲೂ ಕೇಸು, ಕಾಂಟ್ರಾಕ್ಟ್ ಹೋದರೂ ಹೋಯಿತು ಎಂದೆ. ಅಮ್ಮ ಎಲೆಗೆ ಸುಣ್ಣ ಸವರುತ್ತಿದ್ದವಳು ನಿಲ್ಲಿಸಲಿಲ್ಲ. ಅವಳಿಗೆ ಗಟ್ಟಿ ಮಾತು ಬಂದಾಗ ತೆಲುಗೇ ಬರುವುದು. "ಬಸ್ಸು ಮೀದ ಉಂಡೇದಿ ನಾ ಪೇರು ಕದಮ್ಮಾ" ಅಂದಳು. ಬಸ್ಸಿನ ಮೇಲಿರುವುದು ನನ್ನ ಹೆಸರಲ್ಲವೇನಮ್ಮ ಅಂತ. ಆಮೇಲೆ ಎಲೆ ಬಾಯಿಗೆ ಹಾಕಿಕೊಂಡು, "ಹೋಗಿ ಬಾ. ತಿಂಡಿ ತಿಂದು ಹೋಗು" ಅಂದಳು.

ಶಿಡ್ಲಘಟ್ಟದ ಠಾಣೆಗೆ ಬಸ್ಸಿನಲ್ಲೇ ಹೋದೆ. ಸರ್ಕಾರಿ ಬಸ್ಸು. ಸಬ್ ಇನ್ಸ್‌ಪೆಕ್ಟರು ಸಂತೋಷಪಡಲಿಲ್ಲ. "ಏನ್ ಮೇಡಂ ಇದು, ಎಲ್ಲಾ ಹೇಳಿಕೆ ಮುಗಿಸಿ ಫೈಲ್ ಕಟ್ಟೋ ಹೊತ್ತಿಗೆ ಬಂದಿದೀರ. ನಿಮ್ಮ ಡ್ರೈವರ್ರೇ ಓನರಿಗೆ ಗೊತ್ತಿರಲಿಲ್ಲ ಅಂತ ಬರೆಸಿದಾನೆ."

"ಅವರು ಸುಳ್ಳು ಬರೆಸಿದಾರೆ ಸರ್. ಗೊತ್ತಿತ್ತು."

"ಯಾವಾಗಿಂದ?"

"ಅಕ್ಟೋಬರ್ ಹನ್ನೆರಡು, ಶುಕ್ರವಾರ. ಮಾತ್ರೆ ತಗೊಂಡ್ರೆ ನಿದ್ದೆ ಎಳೀತದೆ ಅಂತ ಹೇಳಿ ನಾಲ್ಕು ದಿನ ರಜೆ ಕೇಳಿದ್ರು. ನಾನು ಕೊಡಲಿಲ್ಲ. ಎರಡು ಭಾನುವಾರವೂ ಅವರ ಕೈಲೇ ಗಾಡಿ ಓಡಿಸಿದೆ."

"ಇದನ್ನ ಬರ್ಕೊಂಡ್ರೆ ನಿಮ್ಮನ್ನ ಎರಡನೇ ಆರೋಪಿ ಮಾಡಬೇಕಾಗ್ತದೆ. ಗೊತ್ತಾ?"

"ಗೊತ್ತು ಸರ್. ೧೮೮."

ಅವರು ನನ್ನ ಮುಖ ನೋಡಿದರು. ಪೇದೆಯನ್ನು ಕರೆದು ಬಿಳಿ ಹಾಳೆ ತರಿಸಿದರು. ನಾನು ಹೇಳಿದ್ದನ್ನು ಅವರು ಬರೆದುಕೊಂಡಾಗ ಒಂದು ಕಡೆ ‘ರಜೆಯ ವಿಚಾರ ಚರ್ಚೆಯಾಗಿತ್ತು’ ಎಂದಿತ್ತು. "ಚರ್ಚೆ ಆಗಿಲ್ಲ ಸರ್. ಅವರು ಕೇಳಿದ್ರು, ನಾನು ಇಲ್ಲ ಅಂದೆ. ಹಾಗೇ ಬರೀರಿ" ಅಂದೆ. ಹೊಡೆದುಹಾಕಿ ಹಾಗೆಯೇ ಬರೆದರು. ಸಹಿ ಹಾಕುವಾಗ ಕಲ್ಯಾಣಿ, ಮಾಲೀಕರು, ಗಂಗುಲಮ್ಮ ಟ್ರಾವೆಲ್ಸ್, ಎಂದು ಪೂರ್ತಿ ಬರೆದೆ.

ಮನೆಗೆ ಬಂದಾಗ ಮುನೇಶನಿಗೆ ವಿಷಯ ತಿಳಿದುಹೋಗಿತ್ತು. "ಹಾಳ್ ಮಾಡ್ದೆ ಕಣೇ. ಎಂಟು ವರ್ಷದ್ದು ಒಂದು ಸಹೀಲಿ ಹಾಳ್ ಮಾಡ್ದೆ" ಎಂದು ಕೂಗಾಡಿದ. "ನೋಡಣ ಅಂದೋರೆಲ್ಲ ಈಗ ನೋಡ್ತಾರೆ" ಅಂದ.

ನೋಡಲಿ.

೧೯ ನವೆಂಬರ್, ಸೋಮವಾರ

ಕಾಂಟ್ರಾಕ್ಟ್ ಹೋಯಿತು. ಮ್ಯಾನೇಜರು ಒಳ್ಳೆಯ ಮಾತಿನಲ್ಲೇ ಹೇಳಿದರು. "ನೀವು ಸುಮ್ಮನಿದ್ದಿದ್ರೆ ಡ್ರೈವರ್ ಬದಲಾಯಿಸಿ ಮುಂದುವರಿಸ್ತಿದ್ವಿ. ಈಗ ಮಾಲೀಕರ ಮೇಲೇ ಕೇಸ್ ಅಂದ್ರೆ ನಮ್ಮ ಮೇಲಿನೋರು ಒಪ್ಪಲ್ಲ." ನಾನು ಕೈಮುಗಿದು ಎದ್ದು ಬರುವಾಗ ಒಂದು ಮಾತು ಕೇಳಿದೆ. "ಭಾನುವಾರ ಬಸ್ ಬೇಕು ಅಂದಾಗ, ಡ್ರೈವರ್‌ಗೆ ರಜೆ ಯಾವತ್ತು ಅಂತ ನೀವೂ ಕೇಳಲಿಲ್ಲ, ನಾನೂ ಯೋಚಿಸಲಿಲ್ಲ ಅಲ್ವಾ ಸರ್?" ಅವರು ಫೋನ್ ತೆಗೆದುಕೊಂಡರು.

ಅಲ್ಲಿಂದ ಅಕ್ಕಯಮ್ಮನ ಮನೆಗೆ ಹೋದೆ. ಭುಜದವರೆಗೆ ಪ್ಲಾಸ್ಟರು. ಗಂಡ ಇಲ್ಲ, ಇಬ್ಬರು ಮಕ್ಕಳು. ಟೈಲರಿಗೆ ಬಲಗೈ ಅಂದರೆ ಏನು ಎಂದು ನನಗೆ ಯಾರೂ ಹೇಳಬೇಕಿಲ್ಲ. ಆಸ್ಪತ್ರೆಯ ಖರ್ಚು ನಾನು ನೋಡಿಕೊಂಡಿದ್ದೇನೆ, ಆದರೂ ಕೂರು ಅನ್ನಲಿಲ್ಲ. ನಿಂತೇ ಹೇಳಿದೆ, ತಪ್ಪು ನನ್ನದೂ ಇದೆ, ಹಾಗಂತ ಬರೆದುಕೊಟ್ಟಿದ್ದೇನೆ ಎಂದು.

"ಕೇಳ್ದೆ. ಬರ್ಕೊಟ್ರೆ ಕೈ ಕೂಡ್ಕೊಳ್ತದಾ?" ಅಂದಳು.

"ಇಲ್ಲ."

"ಆವತ್ತು ಆ ಯಪ್ಪ ಶಿಡ್ಲಘಟ್ಟದಾಗೆ ಗಾಡಿ ನಿಲ್ಲಿಸಿ ಮುಖ ತೊಳ್ಕೊಂಡು ಬಂದ. ನಾವೇ ಕೂಗಿದ್ವಿ, ಟೈಮಾಯ್ತು ಬಾ ಅಂತ. ಐದು ನಿಮಿಷ ತಡ ಆದ್ರೆ ಅರ್ಧ ದಿನದ ಸಂಬಳ ಹಿಡೀತಾರೆ. ಹೆದ್ರಿಕೆ ಎಲ್ಲಾರ್ಗೂ ಇತ್ತು." ಎಡಗೈಯಲ್ಲಿ ಪ್ಲಾಸ್ಟರನ್ನು ಎತ್ತಿ ಹಿಡಿದು, "ಕೋರ್ಟಲ್ಲಿ ನನ್ನ ಕರೆದ್ರೆ ಇದನ್ನೂ ಹೇಳ್ತೀನಿ. ನಿಮ್ಮ ಸಲುವಾಗಿ ಅಲ್ಲ, ಆ ಯಪ್ಪನ ಸಲುವಾಗಿ" ಅಂದಳು.

ನನಗೆ ಅಷ್ಟು ಸಾಕಾಗಿತ್ತು. ಅವಳ ಬಾಗಿಲಿನಿಂದ ನೆಟ್ಟಗೆ ನಡೆದು ಬಂದೆ.

ಮೂರನೇ ಬಸ್ಸನ್ನು ಮಾರಬೇಕಾಗುತ್ತದೆ.

೧೨ ಫೆಬ್ರವರಿ ೨೦೦೮, ಮಂಗಳವಾರ

ಇವತ್ತು ಕೋರ್ಟಿತ್ತು. ರಕ್ತದ ವರದಿ ಹೋದ ತಿಂಗಳು ಬಂದಿತ್ತು, ಮಾತ್ರೆಯ ಅಂಶ ಇದೆ ಎಂದು. ಇಬ್ಬರ ಕೇಸನ್ನೂ ತಾವೇ ಹಿಡಿದಿದ್ದ ಬಯ್ಯಪ್ಪನವರು ಕೊನೆಯವರೆಗೂ, ಔಷಧಿ ಬೇರೆ ಮಾದಕ ಬೇರೆ ಎಂದು ವಾದಿಸಿ ಇಬ್ಬರನ್ನೂ ಬಿಡಿಸುತ್ತೇನೆ ಅಂದರು. ನಲ್ಲಪ್ಪನವರೇ ಬೇಡ ಅಂದರು. "ನಿದ್ದೆ ಬಂದಿದ್ದು ನಿಜ ಸಾರ್. ಕಣ್ಣು ಮುಚ್ಚಿದ್ದು ನಿಜ. ಆ ಹೆಣ್ಮಕ್ಕಳು ಕೂಗಿದ್ದು ಇನ್ನೂ ಕೇಳ್ತಾ ಇದೆ" ಅಂದರು.

ಇಬ್ಬರೂ ಪಕ್ಕಪಕ್ಕದಲ್ಲೇ ನಿಂತೆವು. ನ್ಯಾಯಾಧೀಶರು ನನಗಿಂತ ಚಿಕ್ಕ ವಯಸ್ಸಿನ ಹೆಣ್ಣುಮಗಳು. ಆರೋಪ ಓದಿಸಿ, "ಒಪ್ಪಿಕೊಳ್ತೀರಾ?" ಎಂದು ಮೊದಲು ಅವರನ್ನು ಕೇಳಿದರು, ಆಮೇಲೆ ನನ್ನನ್ನು. "ಒಪ್ಕೊಳ್ತೀನಿ" ಅಂದೆ. ಕನ್ನಡಕ ತೆಗೆದು, "ಯಾರಾದರೂ ಒತ್ತಾಯ ಮಾಡಿದಾರಾ?" ಅಂದರು. "ಇಲ್ಲ. ಎಲ್ಲರೂ ಬೇಡ ಅಂದ್ರು" ಅಂದೆ. ಹಿಂದೆ ಯಾರೋ ನಕ್ಕರು. ಅವರು ನಗಲಿಲ್ಲ.

ಇಬ್ಬರಿಗೂ ದಂಡ. ನಲ್ಲಪ್ಪನವರಿಗೆ ಆರು ತಿಂಗಳು ಲೈಸೆನ್ಸ್ ಇಲ್ಲ. ಮತ್ತೆ ಇಬ್ಬರಿಗೂ, ಆ ದಿನದ ಕೋರ್ಟು ಏಳುವವರೆಗೆ ಅಲ್ಲೇ ಕುಳಿತಿರುವ ಶಿಕ್ಷೆ.

ಹಿಂದಿನ ಬೆಂಚಿನಲ್ಲಿ ಸಂಜೆಯವರೆಗೆ ಕುಳಿತಿದ್ದೆವು. ಒಂದು ಗಂಟೆ ಕಳೆಯುವಷ್ಟರಲ್ಲಿ ನಲ್ಲಪ್ಪನವರ ಹಣೆಯಲ್ಲಿ ಬೆವರು. ಸೊಂಟ. ನಾನು ಎದ್ದು ಪೇದೆಯ ಹತ್ತಿರ ಹೋಗಿ, ಅವರಿಗೆ ಬೆನ್ನಿನ ತೊಂದರೆ ಇದೆ, ನಡುನಡುವೆ ನಿಲ್ಲಲು ಬಿಡಿ ಎಂದು ಕೇಳಿದೆ. "ಶಿಕ್ಷೆ ಕಣಮ್ಮ ಇದು, ಸಿನಿಮಾ ಅಲ್ಲ" ಅಂದ. ಅಷ್ಟರಲ್ಲಿ ನ್ಯಾಯಾಧೀಶರು ತಲೆಯೆತ್ತಿ, ಏನು ಎಂದು ಕೇಳಿದರು. ಅವರಿಗೂ ಹೇಳಿದೆ. ಗೋಡೆಗೆ ಒರಗಿ ನಿಲ್ಲಲಿ ಅಂದರು. ನಲ್ಲಪ್ಪನವರು ನಿಂತಾಗ ನಾನೂ ಎದ್ದು ನಿಂತೆ. ಕೂತಾಗ ಕೂತೆ. ಯಾರದೋ ಜಮೀನಿನ ವ್ಯಾಜ್ಯ, ಯಾರದೋ ಜೀವನಾಂಶ, ಎಲ್ಲವನ್ನೂ ಕೇಳಿದೆವು.

ಹೊರಗೆ ಬಂದಾಗ ಮುನೇಶ ಗೇಟಿನ ಹತ್ತಿರ ಇದ್ದ. ಮೂರು ತಿಂಗಳಿಂದ ನನ್ನೊಂದಿಗೆ ನೆಟ್ಟಗೆ ಮಾತಾಡಿದವನಲ್ಲ. ಜೀಪಿನ ಮುಂದಿನ ಸೀಟನ್ನು ಪೂರ್ತಿ ಹಿಂದಕ್ಕೆ ಒರಗಿಸಿಟ್ಟಿದ್ದ. "ನಲ್ಲಪ್ಪಣ್ಣ, ಹಿಂಗೆ ಮಲ್ಕೊಂಡು ಬನ್ನಿ" ಅಂದ. ನಾನು ಹಿಂದೆ ಕುಳಿತೆ.

ಶಿಕ್ಷೆಯಾದ ದಿನ ಇಷ್ಟು ಹಗುರ ಇರುತ್ತದೆ ಎಂದು ಗೊತ್ತಿರಲಿಲ್ಲ. ಊರಿನ ಸ್ಟ್ಯಾಂಡಿನ ಮುಂದೆಯೇ ಹೋಗು ಎಂದು ಮುನೇಶನಿಗೆ ನಾನೇ ಹೇಳಿದೆ.

೨೦ ಜೂನ್, ಶುಕ್ರವಾರ

ತುಂಬ ದಿನದಿಂದ ಬರೆದಿಲ್ಲ. ಬರೆಯಲು ಹೊತ್ತಿಲ್ಲ.

ಎರಡು ಬಸ್ಸುಗಳಿಗೂ ಕೆಲಸ ಸಿಕ್ಕಿದೆ. ಚಿಕ್ಕಬಳ್ಳಾಪುರದ ಒಂದು ಕಾಲೇಜಿನವರು ಚಿಂತಾಮಣಿ ಕಡೆಯ ಮಕ್ಕಳಿಗಾಗಿ ಬಸ್ ಹುಡುಕುತ್ತಿದ್ದರು. ಮಾತುಕತೆಗೆ ಹೋದಾಗ ಅವರು ಕೇಳುವ ಮೊದಲೇ ಕೋರ್ಟಿನ ಆದೇಶ ತೆಗೆದು ಮೇಜಿನ ಮೇಲಿಟ್ಟೆ. ಪ್ರಾಂಶುಪಾಲರು ಎರಡು ಸಲ ಓದಿದರು. "ಈಗ ಏನು ಬದಲಾಯಿಸಿದೀರಾ?" ಅಂದರು. ಹೇಳಿದೆ. ವಾರಕ್ಕೊಂದು ದಿನ ಪ್ರತಿ ಡ್ರೈವರಿಗೂ ರಜೆ, ಹಬ್ಬ ಇರಲಿ ಬಿಡಲಿ. ಹುಷಾರಿಲ್ಲ ಅಂದವರಿಗೆ ಸಂಬಳ ಹಿಡಿಯುವುದಿಲ್ಲ. ಡಾಕ್ಟರ ಚೀಟಿ ಇಲ್ಲದ ಮಾತ್ರೆ ನುಂಗಿ ಯಾರೂ ಗಾಡಿ ಹತ್ತುವ ಹಾಗಿಲ್ಲ. ಚೀಟಿ ಇದ್ದರೂ, ನಿದ್ದೆ ತರುವ ಮಾತ್ರೆಯಾದರೆ ಆವತ್ತು ಗಾಡಿ ಇಲ್ಲ. ಒಂದು ವಾರ ಯೋಚಿಸಿ ಕರೆದರು.

ನಲ್ಲಪ್ಪನವರಿಗೆ ಏಪ್ರಿಲಿನಲ್ಲಿ ಬೆನ್ನಿನ ಆಪರೇಷನ್ ಆಯಿತು. ಈಗ ಶೆಡ್ಡಿನ ಮೇಲ್ವಿಚಾರಣೆ ಅವರದು. ಬೆಳಿಗ್ಗೆ ಕೀಲಿ ಕೊಡುವವರು ಅವರೇ, ನಾನಲ್ಲ. ಆಸ್ಪತ್ರೆಯ ಡಾಕ್ಟರ ಹತ್ತಿರ ತಾವೇ ಹೋಗಿ, ನಿದ್ದೆ ತರುವ ಮಾತ್ರೆಗಳ ಹೆಸರೆಲ್ಲ ಬರೆಸಿಕೊಂಡು ಬಂದಿದ್ದಾರೆ. ಎರಡು ಹಾಳೆ. ಧನುಶ್ರೀ ಅದನ್ನು ಕನ್ನಡ ಅಕ್ಷರದಲ್ಲಿ ದೊಡ್ಡದಾಗಿ ಬರೆದುಕೊಟ್ಟಿದ್ದಾಳೆ. "ಎಷ್ಟು ಗಂಟೆ ಮಲಗಿದ್ರಿ? ಏನಾದ್ರೂ ನುಂಗಿದೀರಾ? ಎಲ್ಲಾದ್ರೂ ನೋವೈತಾ?" ಎಂದು ಒಬ್ಬೊಬ್ಬರನ್ನೂ ಕೇಳುತ್ತಾರೆ. ಮುನೇಶ, "ಇದು ಬಸ್ ಕಂಪ್ನೀನೋ ಆಸ್ಪತ್ರೇನೋ" ಎನ್ನುತ್ತಾನೆ. ಅಂದರೂ ಉತ್ತರ ಹೇಳಿಯೇ ಹೋಗುತ್ತಾನೆ.

ಸ್ಟ್ಯಾಂಡಿನಲ್ಲಿ ನಗುವವರು ಇದ್ದಾರೆ. ಕೋಲಾರದ ಕಡೆಯ ಒಬ್ಬ ಲಾರಿ ಮಾಲೀಕ ಮಾತ್ರ ಮೊನ್ನೆ ಬಂದು ಆ ಎರಡು ಹಾಳೆಯ ಜೆರಾಕ್ಸ್ ತೆಗೆದುಕೊಂಡು ಹೋದ.

ನನಗೆ ಹೆವಿ ಲೈಸೆನ್ಸ್ ಬಂತು. ರಜೆಯ ದಿನಕ್ಕೆ ಒಬ್ಬ ಡ್ರೈವರ್ ಬೇಕಲ್ಲ. ಬಸ್ಸಿನ ಸ್ಟೀರಿಂಗ್ ಹಿಡಿದು ಕೈವಾರದ ರಸ್ತೆಯಲ್ಲಿ ಹೋಗುವಾಗ ಅಕ್ಕಪಕ್ಕದವರು ನಿಂತು ನೋಡುತ್ತಾರೆ. ನಾನು ಹಾರ್ನ್ ಮಾಡುತ್ತೇನೆ.

೨೩ ಜುಲೈ, ಬುಧವಾರ

ಇವತ್ತು ಬೆಳಿಗ್ಗೆ ಸಿಕ್ಕಾಪಟ್ಟೆ ಸಿಟ್ಟು ಬಂದಿತ್ತು.

ಇವತ್ತು ಡ್ರೈವರ್ ಮುನಿಗಂಗಪ್ಪನ ರಜೆ. ಕಾಲೇಜ್ ಬಸ್ಸು ನಾನು ಓಡಿಸಬೇಕು. ಮಕ್ಕಳಿಗೆ ಪರೀಕ್ಷೆ ಬೇರೆ. ಎರಡು ದಿನದಿಂದ ನೆಗಡಿ, ಮೂಗು ಸೋರುತ್ತಿತ್ತು. ಎದ್ದ ಕೂಡಲೇ ಮನೆಯಲ್ಲಿದ್ದ ಒಂದು ಮಾತ್ರೆ ನುಂಗಿ ಶೆಡ್ಡಿಗೆ ಹೋದೆ. ಕೈ ಚಾಚಿದೆ. ನಲ್ಲಪ್ಪನವರು ಕೀಲಿ ಕೊಡಲಿಲ್ಲ.

"ಏನಾದ್ರೂ ನುಂಗಿದೀರಾ?"

"ನೆಗಡಿ ಮಾತ್ರೆ. ಅಷ್ಟೇ."

"ಯಾವ್ದು?"

ಬ್ಯಾಗಿನಿಂದ ಹಾಳೆ ತೆಗೆದು ಕೊಟ್ಟೆ. ಕನ್ನಡಕ ಹಾಕಿಕೊಂಡು ತಮ್ಮ ಪಟ್ಟಿಯಲ್ಲಿ ಬೆರಳಿಟ್ಟು ಮೇಲಿನಿಂದ ಕೆಳಗೆ ನಿಧಾನವಾಗಿ ಹುಡುಕಿದರು. ಎರಡನೇ ಹಾಳೆಯಲ್ಲಿ ಬೆರಳು ನಿಂತಿತು.

"ಇವತ್ತು ನೀವು ಬ್ಯಾಡ ಓನರಮ್ಮ."

"ಪರೀಕ್ಷೆ ಇದೆ ನಲ್ಲಪ್ಪನೋರೇ. ಐವತ್ತು ಮಕ್ಕಳು ಕಾಯ್ತಾರೆ. ನನಗೆ ಒಂಚೂರೂ ನಿದ್ದೆ ಬರ್ತಿಲ್ಲ."

"ನಂಗೂ ಆವತ್ತು ಹೊರಡೋವಾಗ ಬರ್ತಿರ್ಲಿಲ್ಲ."

"ಗಾಡಿ ಯಾರದ್ದು ಅಂತ ನೆನಪಿದೆಯಾ?" ಅಂದುಬಿಟ್ಟೆ. ಮುನೇಶ ಅಲ್ಲೇ ಇದ್ದ, ಕ್ಲೀನ್ ಮಾಡುವವರು ಇದ್ದರು. ಎಲ್ಲರೂ ಕೇಳಿಸಿಕೊಂಡರು.

ನಲ್ಲಪ್ಪನವರ ಮುಖ ಕೆಂಪಾಯಿತು. ಆದರೂ ಕೀಲಿಯನ್ನು ಅಂಗಿಯ ಜೇಬಿಗೆ ಹಾಕಿಕೊಂಡು ಗುಂಡಿ ಹಾಕಿಕೊಂಡರು. "ನಿಮ್ದೇ ಗಾಡಿ. ಕೀಲಿ ಮಾತ್ರ ಕೊಡಲ್ಲ. ಬೇಕಾದ್ರೆ ನನ್ನ ಕೆಲ್ಸದಿಂದ ತೆಗೀರಿ" ಅಂದರು. ಹೇಳಿ, ನನ್ನ ಕಡೆ ಬೆನ್ನು ಮಾಡಿ ಮುನಿಗಂಗಪ್ಪನ ಮನೆಗೆ ಫೋನ್ ಹಚ್ಚಿದರು. ಮುನಿಗಂಗಪ್ಪ ಅರ್ಧ ತಿಂಡಿಗೆ ಎದ್ದು ಬಂದ. ಅವನಿಗೂ ಮೂರು ಪ್ರಶ್ನೆ ಕೇಳಿಯೇ ಜೇಬಿನ ಗುಂಡಿ ತೆಗೆದರು. ಅವನ ಇವತ್ತಿನ ರಜೆ ಶುಕ್ರವಾರಕ್ಕೆ ಎಂದು ಅಲ್ಲೇ ಬರೆದಿಟ್ಟರು. ಬಸ್ಸು ಇಪ್ಪತ್ತೈದು ನಿಮಿಷ ತಡವಾಗಿ ಹೊರಟಿತು. ಮಕ್ಕಳು ಓಡುತ್ತ ಪರೀಕ್ಷೆಗೆ ಹೋದರಂತೆ, ಹೋಗಿ ಸೇರಿದರು. ಪ್ರಾಂಶುಪಾಲರಿಗೆ ನಾನೇ ಫೋನ್ ಮಾಡಿ, ತಡವಾದದ್ದು ಯಾಕೆ ಎಂದು ಇದ್ದದ್ದು ಇದ್ದ ಹಾಗೆ ಹೇಳಿದೆ.

ಮನೆಗೆ ಬಂದೆ. ಏನೇ ಬೇಗ ಬಂದೆ ಎಂದು ಅಮ್ಮ ಕೇಳಿದಳು. "ನಲ್ಲಪ್ಪನೋರು ರಜೆ ಕೊಟ್ಟವ್ರೆ" ಅಂದೆ. ಚಾಪೆಯ ಮೇಲೆ ಸುಮ್ಮನೆ ಒರಗಿದ್ದಷ್ಟೇ ನೆನಪು. ಎಚ್ಚರವಾದಾಗ ಹನ್ನೆರಡೂವರೆ. ಅಮ್ಮ ಮೂರು ಸಲ ಕೂಗಿದರೂ ಏಳಲಿಲ್ಲವಂತೆ.

ಸಂಜೆ ತರಕಾರಿಗೆ ಹೋಗಿದ್ದೆ. ಬಯ್ಯಪ್ಪನವರು ಸಿಕ್ಕರು, ಅವರಿಗೆ ತಲೆ ಎತ್ತಿಯೇ ಹೇಳಿದೆ: ನಮ್ಮ ನಲ್ಲಪ್ಪನವರು ಇವತ್ತು ನನಗೇ ಕೀಲಿ ಕೊಡಲಿಲ್ಲ, ಎಲ್ಲರೆದುರು ಗಾಡಿ ಹತ್ತಲು ಬಿಡಲಿಲ್ಲ ಎಂದು. ಬ್ಯಾಂಕಿನ ಮೇಡಂ ಸಿಕ್ಕರು, ಅವರಿಗೂ ಹೇಳಿದೆ. ಆಮೇಲೆ ಟೊಮೆಟೊ ತೂಗುತ್ತಿದ್ದವಳಿಗೂ ಹೇಳಿದೆ. ಅವಳು ನನ್ನನ್ನು ಏನೂ ಕೇಳಿಯೇ ಇರಲಿಲ್ಲ.